‘ಗ್ರೀನ್-ಐಡ್ ಮಾನ್‌ಸ್ಟರ್’: ಅಸೂಯೆಯ ಕಣ್ಣು ಹಸಿರೇಕೆ?

ಪ್ರಶ್ನೆ:
ನಾನು ಅನುವಾದಿಸುತ್ತಿರುವ ಇಂಗ್ಲಿಷ್ ಲೇಖನವೊಂದರಲ್ಲಿ, ಸಹೋದ್ಯೋಗಿಗೆ ಬಡ್ತಿ ಸಿಕ್ಕಿದ್ದನ್ನು ಸಹಿಸಲಾರದವನ ಬಗ್ಗೆ ಹೇಳುವಾಗ ‘ಗ್ರೀನ್-ಐಡ್ ಮಾನ್‌ಸ್ಟರ್’ ಎಂಬ ನುಡಿಗಟ್ಟು ಬಂದಿದೆ. ಹೊಟ್ಟೆಕಿಚ್ಚಿನ ಮಾತೆಂದು ಸಂದರ್ಭದಿಂದಲೇ ತಿಳಿಯುತ್ತದೆ. ಆದರೆ ‘ಹಸಿರು ಕಣ್ಣಿನ ರಾಕ್ಷಸ’ ಎಂದು ಬರೆದರೆ ಕನ್ನಡದ ಓದುಗರಿಗೆ ಏನೂ ಹೊಳೆಯದು; ಸಿಟ್ಟಿಗೆ ಕಣ್ಣು ಕೆಂಪಾಗುವುದನ್ನು ಬಲ್ಲೆವು, ಹಸಿರಾಗುವುದನ್ನು ಕೇಳಿಲ್ಲ. ಇದರ ಮೂಲವೇನು?

ಉತ್ತರ 1:
ಇದು ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದ ಮಾತು. 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ ದಾಖಲೆಯಿರುವ ಈ ನಾಟಕದ ಮೂರನೆಯ ಅಂಕದಲ್ಲಿ, ಇಯಾಗೊ ಎಂಬ ಕೈಕೆಳಗಿನ ಸೈನಿಕ ತನ್ನ ದಳಪತಿ ಒಥೆಲೊಗೆ ‘ಮತ್ಸರದ ಬಗ್ಗೆ ಎಚ್ಚರವಾಗಿರಿ ಒಡೆಯಾ, ಅದು ತಾನು ತಿನ್ನುವ ಮಾಂಸವನ್ನೇ ಅಣಕಿಸುವ ಹಸಿರುಗಣ್ಣಿನ ಭೂತ’ ಎನ್ನುತ್ತಾನೆ. ಹೆಂಡತಿಯ ಶೀಲದ ಬಗ್ಗೆ ಒಥೆಲೊನ ಕಿವಿಯಲ್ಲಿ ವಿಷ ಹಿಂಡುತ್ತಿರುವವನೇ ಹಿತೈಷಿಯಂತೆ ಈ ಎಚ್ಚರಿಕೆಯನ್ನೂ ಕೊಡುವುದರಿಂದ, ಆ ಮಾತು ಕೇಳಿದಷ್ಟೂ ಸಂಶಯ ಬೆಳೆಯುತ್ತದೆ. ಇದಕ್ಕೂ ಮೊದಲು, 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನದೇ ನಾಟಕ ‘ವೆನಿಸಿನ ವರ್ತಕ’ದಲ್ಲಿ ನಾಯಕಿ ಪೋರ್ಷಿಯಾ ಮತ್ಸರವನ್ನು ‘ಹಸಿರುಗಣ್ಣಿನದು’ ಎಂದು ಕರೆದಿದ್ದಾಳೆ. ಭೂತ ಸೇರಿಕೊಂಡದ್ದು ‘ಒಥೆಲೊ’ದಲ್ಲಿ.

‘ಅಣಕಿಸುವ’ ಎಂಬುದು ವಿದ್ವಾಂಸರನ್ನು ಬಹಳ ಕಾಡಿದೆ. 18ನೆಯ ಶತಮಾನದ ಸಂಪಾದಕ ಥಾಮಸ್ ಹ್ಯಾನ್ಮರ್, ಇಂಗ್ಲಿಷ್ ಮೂಲದ ‘ಮಾಕ್’ (ಅಣಕಿಸು) ಪದವನ್ನು ‘ಮೇಕ್’ (ಮಾಡು) ಎಂದು ಬದಲಿಸಿ ‘ತನ್ನ ಆಹಾರವನ್ನು ತಾನೇ ಸೃಷ್ಟಿಸಿಕೊಳ್ಳುವ’ ಎಂದು ತಿದ್ದಿದ. ನನಗೆ ಆ ತಿದ್ದುಪಡಿ ಬೇಕೆನಿಸುವುದಿಲ್ಲ. ಬೆಕ್ಕು ಇಲಿಯನ್ನು ಹಿಡಿದ ಮೇಲೆ ಒಮ್ಮೆಗೇ ಕೊಲ್ಲದೆ, ಬಿಟ್ಟು, ಓಡಗೊಟ್ಟು, ಮತ್ತೆ ಪಂಜದಡಿ ಎಳೆದುಕೊಳ್ಳುವುದನ್ನು ನೋಡಿದವರಿಗೆ ಆ ಅಣಕವೂ ಹಸಿರು ಕಣ್ಣೂ ಒಟ್ಟಿಗೇ ಅರ್ಥವಾಗುತ್ತವೆ.

ಉತ್ತರ 2:
ಬೆಕ್ಕಿನ ವಿವರಣೆ ಚೆನ್ನಾಗಿದೆ, ಆದರೆ ಅದೊಂದೇ ಸಾಲದು. ಅಸೂಯೆಯಿಂದ ‘ಹಸಿರಾಗುವುದು’ ಎಂಬ ಇನ್ನೊಂದು ಇಂಗ್ಲಿಷ್ ಮಾತಿನಲ್ಲಿ ಹಸಿರಾಗುವುದು ಕಣ್ಣಲ್ಲ, ಮನುಷ್ಯ. ಪಿತ್ತ ಕೆರಳಿದರೆ ಮನಸ್ಸಿನ ಜೊತೆಗೆ ಮೈಬಣ್ಣವೂ ಕೆಡುತ್ತದೆಂದು ಯುರೋಪಿನ ಹಳೆಯ ವೈದ್ಯಶಾಸ್ತ್ರ ನಂಬಿತ್ತು. ಗ್ರೀಕ್ ಕವಯಿತ್ರಿ ಸಾಫೊ, ತಾನು ಪ್ರೀತಿಸಿದವಳ ಎದುರು ಇನ್ನೊಬ್ಬ ಕುಳಿತಿರುವುದನ್ನು ಕಂಡು ‘ಹುಲ್ಲಿಗಿಂತ ಹಸಿರಾಗಿದ್ದೇನೆ’ ಎಂದಿರುವುದನ್ನೂ ಹಲವರು ಇಲ್ಲಿ ನೆನೆಯುತ್ತಾರೆ. ಆದರೆ ಆ ಗ್ರೀಕ್ ಪದಕ್ಕೆ ‘ಬಿಳಿಚಿದ’ ಎಂಬ ಅರ್ಥವೂ ಇರುವುದರಿಂದ ನೇರ ನಂಟು ಹೇಳುವುದು ಅತಿಯಾದೀತು.

ಉತ್ತರ 3:
ಅನುವಾದಕ್ಕೆ ಬಣ್ಣಕ್ಕಿಂತ ಅರ್ಥದ ಜರುಗಾಟ ಮುಖ್ಯ. ಇಯಾಗೊ ಹೇಳುವುದು ತನ್ನದು ಕೈತಪ್ಪುತ್ತಿದೆ ಎಂಬ ಅನುಮಾನದ ಬಗ್ಗೆ. ನಿಮ್ಮ ಲೇಖಕರು ಹೇಳುತ್ತಿರುವುದು ಪರರ ಏಳಿಗೆ ಕಂಡು ಪಡುವ ಕರುಬಿನ ಬಗ್ಗೆ. ಇಂದಿನ ಇಂಗ್ಲಿಷ್ ಎರಡಕ್ಕೂ ಇದೇ ನುಡಿಗಟ್ಟನ್ನು ಬಳಸುತ್ತದೆ. ನಾಟಕವನ್ನೇ ಅನುವಾದಿಸುವುದಾದರೆ ‘ಸಂಶಯಪಿಶಾಚಿ’ ಎಂಬ ಸಿದ್ಧ ಮಾತು ನಮ್ಮಲ್ಲಿದೆ, ಭೂತವೂ ಉಳಿಯುತ್ತದೆ. ಬಡ್ತಿಯ ಪ್ರಸಂಗಕ್ಕೆ ಅದು ಹೊಂದದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ‘ಸಹೋದ್ಯೋಗಿಯ ಬಡ್ತಿ ಕಂಡು ಅವನ ಹೊಟ್ಟೆಗೆ ಕಿಚ್ಚು ಬಿತ್ತು’ ಎಂದು ಬರೆದು, ಹಸಿರನ್ನು ಕೈಬಿಟ್ಟಿದ್ದೇನೆ.