ಬದಲಿ, ಪಡಿಯಚ್ಚು, ಡೂಪ್ಲಿಕೇಟ್: ಗೊಂಬೆಗೆ ಹೊಸದಾಗಿ ಮಾಡಿದ ಕೈಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಅದರ ಬೆನ್ನಿಗೆ ಇನ್ನೂ ನಾಲ್ಕಾರು ಬೇಕು, ಆದರೆ ಮುಖ್ಯವಾಗಿ ಒಂದು.

ವಿಷಯ ಇದು. ಸಂಗ್ರಹಕ್ಕೆ ಅಂತಲೇ ಮಾಡುವ ದುಬಾರಿ ಗೊಂಬೆಗಳಿವೆಯಲ್ಲ, ಸಿನಿಮಾ ಪಾತ್ರಗಳವು, ಕಾಮಿಕ್ಸ್ ಪಾತ್ರಗಳವು. ಇವುಗಳಲ್ಲಿ ಹೆಚ್ಚು ಓಡುವುದು 1/6 ಅಳತೆ. ಆರಡಿ ಆಳು ಒಂದಡಿ ಗೊಂಬೆಯಾಗುತ್ತಾನೆ, ಸುಮಾರು 30 ಸೆಂಟಿಮೀಟರ್. ಮಕ್ಕಳ ಆಟಿಕೆ ಅಲ್ಲ. ಮೈಗೆ ನಿಜವಾದ ಬಟ್ಟೆ ಹೊಲಿದು ತೊಡಿಸಿರುತ್ತಾರೆ, ಕುತ್ತಿಗೆಯಿಂದ ಪಾದದವರೆಗೆ ಎಲ್ಲೆಲ್ಲೂ ಕೀಲುಗಳು, ಕೈ ಬೆರಳಿನ ಉಗುರು ಕೂಡ ಎದ್ದು ಕಾಣುತ್ತದೆ. ಸುಂಕ, ಸಾಗಾಣಿಕೆ ಎಲ್ಲ ಸೇರಿ ಬೆಲೆ ಮೂವತ್ತು ಸಾವಿರ ರೂಪಾಯಿ ದಾಟುವುದೂ ಇದೆ. ಅಷ್ಟು ಕೊಟ್ಟು ತರಿಸಿ ಪೆಟ್ಟಿಗೆ ತೆಗೆದರೆ ಮಣಿಕಟ್ಟಿನ ಕೀಲು ಮುರಿದಿರುತ್ತದೆ. ಇಲ್ಲವೇ ಎರಡೂ ಬಲಗೈಯೇ ಇರುತ್ತವೆ, ಎಡಗೈ ಇರುವುದೇ ಇಲ್ಲ. ಮಾರಿದವರು ಕಂಪನಿಯನ್ನು ಕೇಳಿ ಅನ್ನುತ್ತಾರೆ, ಕಂಪನಿ ಬಿಡಿಭಾಗ ಮುಗಿದಿದೆ ಅನ್ನುತ್ತದೆ. ಆಗ ಆ ಕೈಯನ್ನು ನಾವೇ ಮಾಡಿಕೊಳ್ಳಬೇಕು.

ದಾವಣಗೆರೆಯಲ್ಲಿ ನಾವು ಕೆಲವು ಗೆಳೆಯರು ಈ ಕೆಲಸ ಮಾಡುತ್ತೇವೆ. ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯ ಹುಡುಗರು ಹೇಗೆ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷ್ ವಿಡಿಯೋ ನೋಡಿ ಅರ್ಧ ಗೊತ್ತಾಗಿ ಅರ್ಧ ಗೊತ್ತಾಗದೆ ಅಚ್ಚು ಮಾಡಲು ಬಳಸುವ, ರಬ್ಬರಿನಂಥ ಸಿಲಿಕೋನನ್ನು ಕೆ.ಜಿ. ಗಟ್ಟಲೆ ಹಾಳು ಮಾಡಿಕೊಳ್ಳುವುದನ್ನು ನೋಡಿ ಬೇಜಾರಾಗಿದೆ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತಡೆ. ಹೀಗೆ ಹೊಸದಾಗಿ ಮಾಡಿದ ಕೈಯನ್ನು ಏನಂತ ಕರೆಯುವುದು?

ಸದ್ಯ ಎಲ್ಲರ ಬಾಯಲ್ಲಿ ಇರುವುದು 'ಡೂಪ್ಲಿಕೇಟ್'. ನಾವು ಮಾಡಿದ ಕೈಯನ್ನು ಯಾರಿಗಾದರೂ ತೋರಿಸಿದರೆ ಮೊದಲು ಬರುವ ಮಾತೇ 'ಇದು ಒರಿಜಿನಲ್ಲಾ, ಡೂಪ್ಲಿಕೇಟಾ ಅಣ್ಣ?' ಅಂತ. ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಬಂದ ಮಾತು ಇದು. ಅಲ್ಲಿ ಕಂಪನಿಯದ್ದು ಒರಿಜಿನಲ್, ಉಳಿದಿದ್ದೆಲ್ಲ ಡೂಪ್ಲಿಕೇಟ್, ಮತ್ತು ಡೂಪ್ಲಿಕೇಟ್ ಅಂದರೆ ಕಳಪೆ, ಸ್ವಲ್ಪ ಮೋಸ ಕೂಡ. 'ನಕಲಿ' ಅಂತೂ ನೇರವಾಗಿ ಮೋಸವೇ. ನಮ್ಮ ಗೊಂಬೆ ಲೋಕದಲ್ಲಿ ನಿಜವಾದ ನಕಲಿ ಬೇರೆ ಇದೆ. ಒಬ್ಬ ಕಲಾವಿದ ತಿಂಗಳುಗಟ್ಟಲೆ ಕೂತು ಕೆತ್ತಿದ ಗೊಂಬೆಯೊಂದನ್ನು ಕೊಂಡು, ಅದರ ಮೇಲೆ ಸಿಲಿಕೋನ್ ಹುಯ್ದು ಅಚ್ಚು ತೆಗೆದು, ಇಡೀ ಗೊಂಬೆಯನ್ನೇ ನೂರಾರು ಮಾಡಿ ಅಗ್ಗಕ್ಕೆ ಮಾರುವವರಿದ್ದಾರೆ. ಇದಕ್ಕೆ 'ರೀಕಾಸ್ಟ್' ಅನ್ನುತ್ತಾರೆ. ಅದು ಕಳ್ಳತನ. ತನ್ನದೇ ಗೊಂಬೆಗೆ, ಬರಬೇಕಾಗಿದ್ದ ಎಡಗೈ ಬರದೇ ಹೋದಾಗ, ಒಂದು ಕೈ ಮಾಡಿ ಕೂರಿಸಿಕೊಳ್ಳುವುದು ರಿಪೇರಿ. ಎರಡಕ್ಕೂ ಒಂದೇ ಪದ ಇದ್ದರೆ ಹೇಗೆ? ಕೆಲಸದ ವಿಧಾನ ಒಂದೇ ಆಗಿರುವುದರಿಂದಲೇ ಪದ ಬೇರೆ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ನನ್ನ ಮನಸ್ಸು ವಾಲಿರುವುದು 'ಬದಲಿ' ಕಡೆಗೆ. ಬದಲಿ ಕೈ, ಬದಲಿ ಕೀಲು, ಬದಲಿ ಭಾಗ. ಈ ಊರಲ್ಲಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ, ಯಾಕೆಂದರೆ ಇದು ಕಾಟನ್ ಮಿಲ್ಲುಗಳ ಊರಾಗಿತ್ತು, ಮಿಲ್ಲುಗಳಲ್ಲಿ 'ಬದಲಿ' ಅಂದರೆ ಹಾಜರಿ ಪುಸ್ತಕದಲ್ಲಿ ಹೆಸರಿರುವ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ನಿಂತು ಅದೇ ಕೆಲಸ ಮಾಡುವವನು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಆ ಪದ ಹಾಗೇ 'ಬದ್ಲಿ' ಅಂತ ಇತ್ತು. ಬದಲಿಯವನನ್ನು ಯಾರೂ ನಕಲಿ ಅನ್ನಲಿಲ್ಲ. ಕೆಲಸ ಅವನದೂ ಪೂರ್ತಿಯೇ, ಜಾಗ ಮಾತ್ರ ಇನ್ನೊಬ್ಬರದು. ನಾವು ಮಾಡುವ ಕೈಯೂ ಅಂಥದ್ದೇ ಅಲ್ವಾ? ಒಂದೇ ತೊಡಕು. ಬದಲಿ ಅಂದಾಗ ತಾತ್ಕಾಲಿಕ ಅನ್ನುವ ವಾಸನೆ ಇದೆ, ಖಾಯಂ ಆದವನು ಬಂದರೆ ಬದಲಿಯವನು ಎದ್ದು ಹೋಗಬೇಕು. ಈ ಕೈ ಹಾಗೆ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಇದು ನಿಮ್ಮ ಕಿವಿಗೆ ಅಡ್ಡ ಬರುತ್ತದೆಯೋ ಇಲ್ಲವೋ, ಹೇಳಿ.

ಇನ್ನೊಂದು 'ಪಡಿಯಚ್ಚು'. ಒಳ್ಳೆಯ ಪದ, ನನಗೆ ತುಂಬಾ ಇಷ್ಟ. ಮಗ ಅಪ್ಪನ ಪಡಿಯಚ್ಚು ಅಂತ ಎಲ್ಲರೂ ಅನ್ನುತ್ತೇವೆ, ಅದರಲ್ಲಿ ಬೈಗುಳವಿಲ್ಲ, ಮೆಚ್ಚುಗೆಯೇ ಇದೆ. ಮೂಲದ ತುಣುಕಿನಿಂದಲೇ ಅಚ್ಚು ತೆಗೆದು ಮಾಡಿದ ಭಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಎರಡೂ ಬಲಗೈ ಬಂದ ಗೊಂಬೆಯನ್ನು ನೋಡಿ. ಅಲ್ಲಿ ಅಚ್ಚು ತೆಗೆದರೆ ಮೂರನೇ ಬಲಗೈ ಸಿಗುತ್ತದೆ ಅಷ್ಟೇ. ಬಲಗೈಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಕನ್ನಡಿಯೊಳಗಿನ ರೂಪಕ್ಕೆ ತಿರುಗಿಸಿ, ಹೆಬ್ಬೆರಳು ಆ ಕಡೆ ಬಂದಿದ್ದನ್ನು ನೋಡಿಕೊಂಡು, ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯಬೇಕು. ಇದು ಯಾವುದರ ಪಡಿಯಚ್ಚೂ ಅಲ್ಲ, ಇಂಥ ಎಡಗೈ ಆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಹಾಗಾಗಿ ಬದಲಿ ಅನ್ನುವುದು ದೊಡ್ಡ ಪದ, ಪಡಿಯಚ್ಚು ಅದರೊಳಗಿನ ಒಂದು ಬಗೆ ಅಂತ ಇಟ್ಟುಕೊಂಡಿದ್ದೇನೆ. ಕನ್ನಡಿ ರೂಪಕ್ಕೆ ತಿರುಗಿಸಿದ್ದಕ್ಕೆ ಸುಮ್ನೆ 'ಕನ್ನಡಿ ಪ್ರತಿ' ಅಂತ ಬರೆದಿದ್ದೇನೆ, ಇದಕ್ಕಿಂತ ಚೆನ್ನಾದದ್ದು ಇದ್ದರೆ ಕೊಡಿ.

ನಿಜವಾದ ಕಷ್ಟ ಇರುವುದು 'ಅಚ್ಚು' ಅನ್ನುವಲ್ಲಿ. ಈ ಪದ ನಮ್ಮಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತೇವೆ. ಎರಡು ಹೋಳಿನ ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಜೋಡಿಸಿ ದಾರ ಸುತ್ತಿ, ಮೇಲಿನ ತೂತಿಗೆ ಪಾಕ ಹುಯ್ದು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಒಳಗಿಂದ ಆನೆ, ಗಿಳಿ, ತುಳಸಿಕಟ್ಟೆ ಬರುತ್ತವೆ. ಆ ಮರದ್ದೂ ಅಚ್ಚು, ತಟ್ಟೆಯಲ್ಲಿ ಎಳ್ಳಿನ ಜೊತೆ ಬೀರುವ ಸಕ್ಕರೆಯದ್ದೂ ಅಚ್ಚು. ಅಚ್ಚಿನಿಂದ ಅಚ್ಚು ತೆಗೆದೆ ಅಂದರೆ ಅಡುಗೆಮನೆಯಲ್ಲಿ ಯಾರಿಗೂ ಗೊಂದಲವಿಲ್ಲ, ಕಣ್ಣೆದುರೇ ಇರುತ್ತದಲ್ಲ. ಬರಹದಲ್ಲಿ ಹಾಗಲ್ಲ. 'ಅಚ್ಚನ್ನು ಎರಡು ಹೋಳು ಮಾಡಿ' ಅಂತ ಬರೆದರೆ ಓದಿದ ಹುಡುಗ ಗೊಂಬೆಯ ಕೈಯನ್ನೇ ಕೊಯ್ದರೆ?

ಸಾಲದ್ದಕ್ಕೆ ಪುಸ್ತಕ ಅಚ್ಚು ಹಾಕಿಸುತ್ತೇವೆ. ನಾಣ್ಯವನ್ನೂ ಅಚ್ಚು ಹಾಕುತ್ತಿದ್ದರು, ದುರ್ಗದ ಕೋಟೆಯೊಳಗಿನ ಟಂಕಸಾಲೆಯಲ್ಲಿ ನಡೆಯುತ್ತಿದ್ದದ್ದು ಆ ಕೆಲಸವೇ. ಈಗ ತ್ರೀಡಿ ಪ್ರಿಂಟ್‌ಗೂ ಅಚ್ಚು ಅನ್ನಲು ಹೋದರೆ, ಅಚ್ಚು ಬಳಸಿ ಮಾಡಿದ ಕೈ ಮತ್ತು ಅಚ್ಚೇ ಇಲ್ಲದೆ ಪ್ರಿಂಟರ್‌ನಲ್ಲಿ ತೆಗೆದ ಕೈ, ಎರಡೂ ಅಚ್ಚಿನ ಕೈ ಆಗಿಬಿಡುತ್ತವೆ. ಅದಕ್ಕೇ ಪ್ರಿಂಟನ್ನು ಪ್ರಿಂಟ್ ಅಂತಲೇ ಬಿಟ್ಟಿದ್ದೇನೆ. ಸಿಲಿಕೋನ್‌ದು ಅಚ್ಚು. ಒಳಗಿಂದ ಬಂದದ್ದು 'ಎರಕ'. ಕೆಲವು ಗೆಳೆಯರು ಎರಕ ಅಂದರೆ ಲೋಹದ್ದು ಮಾತ್ರ, ಕಂಚಿನ ವಿಗ್ರಹಕ್ಕೆ ಹೇಳುವ ಮಾತು, ದ್ರವವಾಗಿ ಹುಯ್ದು ಗಟ್ಟಿಯಾಗುವ ಪ್ಲಾಸ್ಟಿಕ್ ರೆಸಿನ್‌ಗೆ ಹೇಗೆ ಹೇಳುತ್ತೀಯ ಅಂತ ತಕರಾರು ಮಾಡಿದರು. ಎರೆ ಅಂದರೆ ಹುಯ್ಯುವುದು. ನಮ್ಮಲ್ಲಿ ಮಗುವಿಗೆ ತಲೆಗೆ ನೀರು ಎರೆಯುತ್ತೇವೆ, ದೋಸೆ ಎರೆಯುತ್ತೇವೆ. ಲೋಹಕ್ಕೇ ಕಟ್ಟಿಹಾಕಬೇಕಾಗಿಲ್ಲ ಅನ್ನುವುದು ನನ್ನ ವಾದ. ನಿಮ್ಮ ಅಭಿಪ್ರಾಯ ಬೇಕು.

ಕ್ರಿಯಾಪದಗಳಲ್ಲಿ ಕನ್ನಡ ತುಂಬಾ ಚೆನ್ನಾಗಿದೆ. ಗಣಪ ಮಾಡುವವರು ಅಚ್ಚಿಗೆ ಮಣ್ಣು ಒತ್ತುತ್ತಾರೆ, ಹುಯ್ಯುವುದಿಲ್ಲ. ಪಾಕ ಹುಯ್ಯುತ್ತೇವೆ, ಒತ್ತುವುದಿಲ್ಲ. ನಮ್ಮ ಕೆಲಸದಲ್ಲೂ ಎರಡೂ ಇವೆ. ಎಪಾಕ್ಸಿ ಪುಟ್ಟಿಯನ್ನು ಅಚ್ಚಿಗೆ ಒತ್ತಬೇಕು, ರೆಸಿನ್ ಹುಯ್ಯಬೇಕು. ಒಂದೇ ಒಂದು ಕ್ರಿಯಾಪದ ನೋಡಿದರೆ ಸಾಕು, ಯಾವ ವಸ್ತು ಅಂತ ಓದುವವನಿಗೆ ಗೊತ್ತಾಗುತ್ತದೆ.

ಆದರೆ 'ಒಣಗು' ಬಗ್ಗೆ ಜಾಸ್ತಿ ಜಾಗ್ರತೆ ಬೇಕು. ಎಲ್ಲರೂ ರೆಸಿನ್ ಒಣಗಲಿ, ಸಿಲಿಕೋನ್ ಒಣಗಲಿ ಅನ್ನುತ್ತಾರೆ. ಒಣಗುವುದು ಅಂದರೆ ನೀರು ಆರಿ ಹೋಗುವುದು, ಹಾಗಾಗಿ ಫ್ಯಾನ್ ಕೆಳಗೆ ಇಟ್ಟು ಕಾಯುತ್ತಾರೆ. ಇಲ್ಲಿ ನೀರು ಆರಿ ಗಟ್ಟಿಯಾಗುವುದಲ್ಲ. ಎರಡು ದ್ರವ ಸೇರಿದ ಕೂಡಲೇ ಒಳಗೆ ರಾಸಾಯನಿಕ ಕ್ರಿಯೆ ಶುರುವಾಗಿ, ರೆಸಿನ್ ಆದರೆ ಬಟ್ಟಲೂ ಬಿಸಿಯಾಗಿ, ತಾನೇ ಗಟ್ಟಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದಕ್ಕೆ ನಾನು 'ಹೆಪ್ಪುಗಟ್ಟು' ಅಂತ ಬರೆದೆ. ಇದರಿಂದ ಇನ್ನೊಂದು ಲಾಭ. ಕೆಲವು ಮಾಡೆಲಿಂಗ್ ಕ್ಲೇಗಳಲ್ಲಿ ಗಂಧಕ ಇರುತ್ತದೆ, ಪ್ಲಾಟಿನಂ ಬಗೆಯ (ಗಟ್ಟಿಯಾಗಲು ಪ್ಲಾಟಿನಂ ಅಂಶ ಸೇರಿಸಿದ) ಸಿಲಿಕೋನ್ ಗಂಧಕ ತಾಗಿದರೆ ಅಂಟಂಟಾಗಿಯೇ ಉಳಿಯುತ್ತದೆ, ಲೇಟೆಕ್ಸ್ ಕೈಗವಸು ತಾಗಿದರೂ ಅಷ್ಟೇ. ಒಣಗಲಿಲ್ಲ ಅಂದರೆ ಹುಡುಗ ಇನ್ನೂ ಒಂದು ದಿನ ಬಿಸಿಲಿಗೆ ಇಡುತ್ತಾನೆ. ಹೆಪ್ಪುಗಟ್ಟಲಿಲ್ಲ ಅಂದರೆ ಏನು ಸೇರಿ ಕೆಟ್ಟಿತು ಅಂತ ಯೋಚಿಸುತ್ತಾನೆ.

ಪ್ರಿಂಟರ್‌ನ ರೆಸಿನ್ ವಿಷಯ ಬೇರೆ. ಅದಕ್ಕೆ ಮಿಶ್ರಣ ಇಲ್ಲ, ಅತಿನೇರಳೆಯ ಅಂಚಿನ ಬೆಳಕು ಬೇಕು, ಸಾಮಾನ್ಯವಾಗಿ 405 ನ್ಯಾನೋಮೀಟರ್. ಪ್ರಿಂಟ್ ಆದ ಕೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಯಬೇಕು, ಆ ಸ್ಪಿರಿಟ್ ಪೂರ್ತಿ ಆರಬೇಕು, ಆಮೇಲೆ ಬೆಳಕಿಗೆ ಇಟ್ಟು ಗಟ್ಟಿ ಮಾಡಬೇಕು. ಇಲ್ಲಿ 'ಆರು' ಒಂದು ಹಂತ, ಇನ್ನೊಂದಕ್ಕೆ ಪದ ಸಿಕ್ಕಿಲ್ಲ. 'ಬೆಳಕಿಗೆ ಕಾಯಿಸು' ಅಂತ ಹಾಕಿದ್ದೇನೆ. ಒಪ್ಪುತ್ತೀರಾ?

ಕುಗ್ಗುವ ವಿಷಯಕ್ಕೆ ಮಾತ್ರ ನನಗೆ ಒಳ್ಳೆಯ ನುಡಿಗಟ್ಟು ಸಿಕ್ಕಿತು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಲೇತ್ ಮಾಡುತ್ತಿದ್ದದ್ದು ಗೊತ್ತಿರಬಹುದು. ಅಲ್ಲಿ ಕಬ್ಬಿಣದ ಎರಕಕ್ಕೆ ಬೇಕಾದ ಮರದ ಮಾದರಿ, ಅಂದರೆ ಪ್ಯಾಟರ್ನ್, ಮಾಡುತ್ತಿದ್ದ ಹಿರಿಯರೊಬ್ಬರ ಹತ್ತಿರ ಕೂತು ಕೇಳಿದೆ. ಪ್ಯಾಟರ್ನ್, ಕೋರ್, ರನ್ನರ್, ರೈಸರ್, ಎಲ್ಲ ಇಂಗ್ಲಿಷೇ. ಆದರೆ ಬೀಡು ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಚಿಕ್ಕದಾಗುತ್ತದಲ್ಲ, ಆ ಮಾತು ಬಂದಾಗ ಅವರು ಅಂದದ್ದು, 'ಕುಗ್ಗು ಬಿಟ್ಕೊಂಡು ಮಾಡ್ಬೇಕಪ್ಪಾ.' ಅವರ ಹತ್ತಿರ ಒಂದು ಸ್ಕೇಲ್ ಇದೆ, ಬೇರೆ ಸ್ಕೇಲಿನ ಪಕ್ಕ ಇಟ್ಟರೆ ಅದರ ಗೆರೆಗಳು ಒಂದೊಂದಾಗಿ ಮುಂದೆ ಸರಿಯುತ್ತಾ ಹೋಗುತ್ತವೆ, ಅಂದರೆ ಕುಗ್ಗು ಮೊದಲೇ ಸೇರಿಸಿದ ಸ್ಕೇಲ್. ಅದನ್ನು ಹಿಡಿದು ಅಳೆದರೆ ಲೆಕ್ಕವೇ ಬೇಡ. ಅಕ್ಕಸಾಲಿಗರ 'ತೇಮಾನ' ಇದಕ್ಕೆ ಆಗುತ್ತದಾ ಅಂತ ಕೇಳಿದೆ. ಬೇಡ ಅಂದರು, ತೇಮಾನ ಅಂದರೆ ಸವೆದು ಹೋಗುವುದು, ಇದು ಸವೆಯುವುದಲ್ಲ, ಕುಗ್ಗುವುದು. ಸರಿಯಾದ ಮಾತು. ನಮಗೆ ಎರಡೂ ಬೇಕು. ತವರ ಬಗೆಯ ಸಿಲಿಕೋನ್ ಅಚ್ಚು ದಿನ ಕಳೆದಂತೆ ಸ್ವಲ್ಪ ಕುಗ್ಗುತ್ತದೆ, ಪ್ಲಾಟಿನಂ ಬಗೆಯದ್ದು ಕುಗ್ಗುವುದು ತೀರಾ ಕಡಿಮೆ. ಗೊಂಬೆಯ ಕೀಲು ಆಡಿಸಿ ಆಡಿಸಿ ಸಡಿಲವಾಗುವುದು ತೇಮಾನ. ಮಣಿಕಟ್ಟಿನ ಕೀಲು ನಾಲ್ಕೈದು ಮಿಲಿಮೀಟರ್ ದಪ್ಪ ಇರುವಾಗ, ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಆಚೆ ಈಚೆ ಆದರೂ ಕೈ ಕೂರುವುದಿಲ್ಲ, ಇಲ್ಲವೇ ಕಳಚಿ ಬೀಳುತ್ತದೆ.

'ಕೂರು' ಕೂಡ ಎಷ್ಟು ಸರಿಯಾದ ಪದ ನೋಡಿ. ಕೀಲು ಸರಿಯಾಗಿ ಕೂತಿದೆ, ಕೂರ್ತಾ ಇಲ್ಲ. ಬೇರೆ ಪದ ಹುಡುಕುವ ಅಗತ್ಯವೇ ಬರಲಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ರೆಸಿನ್ ಹುಯ್ಯುವ ದಾರಿಗೆ 'ಬಾಯಿ', ಗಾಳಿ ಹೊರಹೋಗುವ ಸಣ್ಣ ದಾರಿಗೆ 'ಉಸಿರುಗಂಡಿ' ಅಂತ ಹಾಕಿದ್ದೇನೆ. ಬೆರಳ ಸಂದಿಯಲ್ಲಿ ಎರಕ ಸಿಕ್ಕಿಕೊಂಡು ಬಿಡಿಸಲು ಬಾರದೇ ಇದ್ದಾಗ 'ಅಚ್ಚು ಕಚ್ಚಿಕೊಂಡಿದೆ' ಅನ್ನುತ್ತೇವೆ, ಅದು ತಾನಾಗಿಯೇ ಬಂದ ಮಾತು. ಎರಡು ಹೋಳು ಒಂದಕ್ಕೊಂದು ಸರಿಯಾಗಿ ಸೇರಲು ಮಾಡುವ ಉಬ್ಬು ಮತ್ತು ಕುಳಿಗೆ ಬಡಗಿಗಳ ಗಂಡು, ಹೆಣ್ಣು ಸಾಕು. ಹೋಳುಗಳು ಸೇರುವ ಸಂದಿನಲ್ಲಿ ರೆಸಿನ್ ನುಗ್ಗಿ ತೆಳ್ಳಗೆ ಪೊರೆಯ ಹಾಗೆ ಉಳಿಯುತ್ತದಲ್ಲ, ಬ್ಲೇಡಿನಿಂದ ಹೆರೆದು ತೆಗೆಯುವುದು, ಅದಕ್ಕೆ ಮಾತ್ರ ಏನೂ ಹೊಳೆಯಲಿಲ್ಲ. 'ರೆಕ್ಕೆ' ಅನ್ನೋಣವೇ? ಸಕ್ಕರೆ ಅಚ್ಚಿನ ಅಂಚಲ್ಲೂ ಅದು ಬರುತ್ತದೆ, ಕತ್ತರಿಸಿ ಬಾಯಿಗೆ ಹಾಕಿಕೊಳ್ಳುತ್ತೇವೆ. ಅದಕ್ಕೆ ನಿಮ್ಮ ಮನೆಯಲ್ಲಿ ಹೆಸರಿದ್ದರೆ ದಯವಿಟ್ಟು ಬರೆಯಿರಿ. ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು ಕಡೆಯವರನ್ನು, ಕಂಚುಗಾರರ ಮನೆತನದವರನ್ನು, ಗಣಪ ಮಾಡುವವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ನೀವೇ ಕಟ್ಟಿದ ಪದಕ್ಕಿಂತ ಕೆಲಸದ ಜಾಗದಲ್ಲಿ ಕಿವಿಗೆ ಬಿದ್ದ ಪದ ಇದ್ದರೆ ಅದನ್ನು ಮೊದಲು ಹೇಳಿ, ಯಾವ ಊರಿನದು, ಯಾವ ಕಸುಬಿನವರದು ಅನ್ನುವುದನ್ನೂ ಸೇರಿಸಿ. ಬದಲಿಯೋ ಬೇರೆಯೋ ಅನ್ನುವುದು ಬೇಗ ತೀರ್ಮಾನವಾದರೆ ಒಳ್ಳೆಯದು, ಯಾಕೆಂದರೆ ಯಾರಾದರೂ ಗೊಂಬೆಯನ್ನು ಮುಂದೆ ಮಾರುವಾಗ ಕೊಳ್ಳುವವರಿಗೆ ಗೊತ್ತಾಗುವ ಹಾಗೆ ಆ ಪದವನ್ನು ಪೆಟ್ಟಿಗೆಯ ಮೇಲೆ ಬರೆಯಬೇಕು ಅಂತಲೂ ಕೈಪಿಡಿಯಲ್ಲಿ ಹೇಳುವವನಿದ್ದೇನೆ.