ಸಹಾಯ ಬೇಕು: ಬೆಳಕಿನ ಚಿಕಿತ್ಸೆಯ ನಡುವೆ ಮಗುವನ್ನು ಎದೆಗೊರಗಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹುಟ್ಟಿ 4 ದಿನಗಳಾದ ನಮ್ಮ ಮಗಳಿಗೆ ಕಾಮಾಲೆ ಕಾಣಿಸಿಕೊಂಡಿದ್ದು, ನಿನ್ನೆಯಿಂದ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದ್ದಾರೆ. ಚರ್ಮದ ಮೇಲೆ ಬೀಳುವ ಆ ಬೆಳಕು, ಕಾಮಾಲೆಯಲ್ಲಿ ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಎಂಬ ವಸ್ತುವನ್ನು ದೇಹವು ಸುಲಭವಾಗಿ ಹೊರಹಾಕಬಲ್ಲ ರೂಪಕ್ಕೆ ತಿರುಗಿಸುತ್ತದೆ ಎಂಬುದೂ, ಮಗು ಚೆನ್ನಾಗಿ ಹಾಲು ಕುಡಿದಷ್ಟೂ ಅದು ಮಲದೊಂದಿಗೆ ಬೇಗ ಹೊರಹೋಗುತ್ತದೆ ಎಂಬುದೂ ತಿಳಿದಿರುವುದರಿಂದ, ಚಿಕಿತ್ಸೆಯ ಅವಧಿಯನ್ನು ಮೊಟಕುಗೊಳಿಸುವ ಉದ್ದೇಶ ನನಗಿಲ್ಲ. ಹಾಲೂಡಿಸುವ ಬಿಡುವಿನಲ್ಲಿ, ವೈದ್ಯರ ಒಪ್ಪಿಗೆ ಪಡೆದು, ಮಗುವನ್ನು ಬರಿಮೈಯಲ್ಲಿ ಎದೆಗೊರಗಿಸಿಕೊಂಡ ತಾಯಂದಿರು ಇಲ್ಲಿದ್ದರೆ, ಒಮ್ಮೆಗೆ ಎಷ್ಟು ಹೊತ್ತು ಇರಿಸಿಕೊಂಡಿರಿ, ಮೈ ತಣ್ಣಗಾಗದಂತೆ ಏನು ಹೊದಿಸಿದಿರಿ ಎಂದು ದಯವಿಟ್ಟು ತಿಳಿಸಿ. ಬೆನ್ನಿನಡಿ ಇಡುವ ಫೈಬರ್ ಆಪ್ಟಿಕ್ ಹಾಸಿನಲ್ಲಿ ಬೆಳಕು ನಿಲ್ಲಿಸದೆಯೇ ಮಗುವನ್ನು ಎತ್ತಿಕೊಳ್ಳಬಹುದಂತೆ. ಅದನ್ನು ಬಳಸಿದವರ ಅನುಭವವೂ ಬೇಕು. ಬಿಸಿಲಿಗೆ ಹಿಡಿದರೆ ಸಾಕೆಂಬ ಸಲಹೆ ಮಾತ್ರ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.