ಪುಟ್ಟ ಮಕ್ಕಳಿಗೆ ಅಳಿವಿನಂಚಿನ ಪ್ರಾಣಿಗಳ ಪರಿಚಯ: ಪದ್ಯ, ಫೋಟೊ ಬಳಸಿದವರು ಅನುಭವ ಹೇಳಿ

ದಾವಣಗೆರೆಯ ಒಬ್ಬ ತಾಯಿಯ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಐದು ವರ್ಷ. ಭಾನುವಾರ ನಮ್ಮ ಓಣಿಯ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಕಥೆ, ಪದ್ಯ ಹೇಳುತ್ತೇನೆ. ಹುಲಿ, ಆನೆ, ಜಿರಾಫೆ ಎಲ್ಲ ಅವರಿಗೆ ಗೊತ್ತು. ನಮ್ಮದೇ ಕಾಡಿನಲ್ಲಿದ್ದು ಕಡಿಮೆ ಆಗುತ್ತಿರುವ ಪ್ರಾಣಿಗಳನ್ನು ಪದ್ಯ, ಫೋಟೊ ಇಟ್ಟುಕೊಂಡು ಪರಿಚಯಿಸಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ? ಹೆದರಿಸದೆ ಹೇಳೋದು ಹೇಗೆ?

ಸಿದ್ದಾಪುರ ತಾಲ್ಲೂಕಿನ ಶಿಕ್ಷಕಿ:

ನಾನು ನಲಿಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ವರ್ಷ ಉರುಳಿಗೆ ಸಿಕ್ಕ ಪ್ರಾಣಿಯ ಫೋಟೊ ತೋರಿಸಿ, ‘ಇವು ಇನ್ನು ಕೆಲವೇ ಉಳಿದಿವೆ’ ಅಂದಿದ್ದೆ. ಒಬ್ಬ ಹುಡುಗ ಆ ರಾತ್ರಿ ಎದ್ದೆದ್ದು ಅತ್ತನಂತೆ. ವಾರ ಬಿಟ್ಟು ಕೇಳಿದರೆ ಪ್ರಾಣಿಯ ಹೆಸರು ಒಂದು ಮಗುವಿಗೂ ನೆನಪಿರಲಿಲ್ಲ. ಗುರುತು ಪರಿಚಯ ಇಲ್ಲದವರ ಸಾವಿನ ಸುದ್ದಿ ಹೇಳಿದ ಹಾಗಾಗಿತ್ತು.

ಈಗ ಮೊದಲು ಸ್ನೇಹ ಮಾಡಿಸುತ್ತೇನೆ. ಕಷ್ಟದ ಮಾತು ಆಮೇಲೆ. ತಿಂಗಳಿಗೆ ಒಂದೇ ಪ್ರಾಣಿ, ಜಾಸ್ತಿ ಬೇಡ. ನಮ್ಮಲ್ಲಿ ಸಿಂಗಳೀಕ ಅನ್ನೋ ಕೋತಿಯಿಂದ ಶುರು, ಯಾಕೆಂದರೆ ಅದು ನಮ್ಮ ನೆರೆಯದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದರ ಕಾಡಿಲ್ಲ. 2011ರಲ್ಲಿ ನಮ್ಮ ಅಘನಾಶಿನಿ ಕಣಿವೆಯ ಕಾಡನ್ನು ಅದರ ಹೆಸರಲ್ಲೇ ಸಂರಕ್ಷಣಾ ಮೀಸಲು ಮಾಡಿದರು.

ಫೋಟೊ ತಕ್ಷಣ ತೋರಿಸಬೇಡಿ. ಎರಡು ದಿನ ಬರೀ ಪದ್ಯ. ನಾನೇ ಕಟ್ಟಿದ್ದು ಹೀಗಿದೆ:

ಕಪ್ಪು ಮೈಗೆ ಬೂದು ಜೂಲು,
ಬಾಲದ ತುದಿಗೆ ಕುಚ್ಚು,
ಕೊಂಬೆಯಿಂದ ಕೊಂಬೆಗೆ ಜಿಗಿವ
ಆಟವೇ ಅಚ್ಚುಮೆಚ್ಚು.

ಹಾಡಿದ ಮೇಲೆ ಸ್ಲೇಟಿನ ಮೇಲೆ ಆ ಪ್ರಾಣಿ ಬರೆಯಲು ಹೇಳುತ್ತೇನೆ. ‘ಜೂಲು’ ಕೇಳಿ ಒಬ್ಬಳು ಕುದುರೆ ಬರೆದಳು, ಇನ್ನೊಬ್ಬ ಸಿಂಹ ಬರೆದ. ಮೂರನೇ ದಿನ ಫೋಟೊ ತೆಗೆದಾಗ ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ‘ಅಜ್ಜನ ಗಡ್ಡ!’ ಅಂದಳು ಒಬ್ಬಳು. ನಾನು ಏನೂ ವಿವರಿಸಲಿಲ್ಲ. ‘ಕೈಯಲ್ಲಿ ಏನು ಹಿಡಿದಿದೆ? ಯಾರನ್ನ ನೋಡ್ತಿದೆ?’ ಅಂತ ಅಷ್ಟೇ ಕೇಳಿದೆ. ಹತ್ತು ನಿಮಿಷ ಆದ ಮೇಲೆ ಹಿಂದೆ ಕೂತಿದ್ದ ಹುಡುಗ, ‘ಅಕ್ಕೋರೇ, ಅದಕ್ಕೂ ಉಗುರಿದೆ’ ಅಂದ. ಹೇಳಿ ತನ್ನ ಬೆರಳು ತಿರುಗಿಸಿ ನೋಡಿಕೊಂಡ. ಆ ಹೊತ್ತಿಗೋಸ್ಕರ ನಾನು ಎಷ್ಟು ವಾರ ಬೇಕಾದರೂ ಕಾಯುತ್ತೇನೆ.

ಕಷ್ಟದ ಮಾತಿಗೆ ಆಟ ಒಳ್ಳೆಯದು. ಅಂಗಳದಲ್ಲಿ ಸೀಮೆಸುಣ್ಣದಿಂದ ಹತ್ತು ಸುತ್ತು ಹಾಕುತ್ತೇನೆ, ಅವೇ ಮರಗಳು. ನೆಲ ಮುಟ್ಟದೆ ಒಂದರಿಂದ ಒಂದಕ್ಕೆ ಜಿಗಿಯಬೇಕು. ಸಿಂಗಳೀಕವೂ ನೆಲಕ್ಕೆ ಇಳಿಯೋದು ಅಪರೂಪ ಅಲ್ವಾ? ಪ್ರತಿ ಸಲ ಒಂದು ಸುತ್ತು ಅಳಿಸುತ್ತೇನೆ. ಕೊನೆಗೆ ಈಚೆ ಇದ್ದವರು ಈಚೆ, ಆಚೆ ಇದ್ದವರು ಆಚೆ. ‘ನಡುವಿನ ಮರ ಕಡಿದವರು ಯಾರು?’ ಅಂತ ಮಕ್ಕಳೇ ಕೇಳುತ್ತಾರೆ. ಆಗ ಸುಳ್ಳು ಹೇಳಬೇಡಿ. ರಸ್ತೆಗೆ, ತೋಟಕ್ಕೆ, ಕರೆಂಟಿನ ಲೈನಿಗೆ ಅಂತ ನಮ್ಮಂಥ ಮನುಷ್ಯರೇ ಕಡಿದಿದ್ದು ಅನ್ನುತ್ತೇನೆ. ‘ಮತ್ತೆ ನೆಡಬಹುದಾ?’ ಅನ್ನೋದು ಮುಂದಿನ ಪ್ರಶ್ನೆ. ಹೌದು, ಆದರೆ ಕೊಂಬೆಗೆ ಕೊಂಬೆ ಸೇರೋಕೆ ನೀವು ದೊಡ್ಡವರಾಗಬೇಕು ಅಂತೀನಿ.

ಪದ್ಯ ನೀವೇ ಕಟ್ಟಿ. ‘ಅಳಿವು’, ‘ಸಂರಕ್ಷಣೆ’ ಇಂಥ ಮಾತು ಅದರಲ್ಲಿ ಬೇಡ. ಮಕ್ಕಳು ಮೈಯಲ್ಲಿ ಮಾಡಿ ತೋರಿಸಬಹುದಾದ ಕ್ರಿಯೆ ಒಂದಾದರೂ ಇರಲಿ. ಇದಕ್ಕೆ ಚಿಪ್ಪುಹಂದಿಯಷ್ಟು ಒಳ್ಳೆ ಪ್ರಾಣಿ ಇನ್ನೊಂದಿಲ್ಲ:

ಚಿಪ್ಪಿನಂಗಿ ತೊಟ್ಟುಕೊಂಡು
ಚಿಪ್ಪುಹಂದಿ ಹೊರಟಿತು,
ಸಪ್ಪಳೊಂದು ಕೇಳಿತಷ್ಟೆ
ಚೆಂಡಿನಂತೆ ಸುರುಟಿತು.

‘ಸುರುಟಿತು’ ಅನ್ನುವಾಗ ಇಡೀ ತರಗತಿ ಚಾಪೆ ಮೇಲೆ ಮುದುಡಿ ಮಲಗುತ್ತದೆ. ಅದರ ಚಿಪ್ಪೂ ನಮ್ಮ ಉಗುರೂ ಒಂದೇ ಜಾತಿಯ ವಸ್ತು ಅಂದರೆ ನಂಬೋದೇ ಇಲ್ಲ. ಹಲ್ಲಿಲ್ಲ, ಉದ್ದ ನಾಲಿಗೆಯಲ್ಲೇ ಇರುವೆ, ಗೆದ್ದಲು ತಿನ್ನುತ್ತದೆ. ಮರಿ ಅಮ್ಮನ ಬಾಲದ ಮೇಲೆ ಸವಾರಿ ಮಾಡುತ್ತದೆ. ಆ ಸವಾರಿಯ ಫೋಟೊ ಸಿಕ್ಕರೆ ಖಂಡಿತ ತೋರಿಸಿ.

ರಾಣೆಬೆನ್ನೂರಿನ ಒಬ್ಬ ತಂದೆ:

ಅಕ್ಕೋರು ಹೇಳಿದ್ದು ಸರಿ, ಊರಿನ ಪ್ರಾಣಿಯಿಂದಲೇ ಶುರು ಮಾಡಿ. ನಮ್ಮ ಕಡೆ ಎರೆಭೂತ ಅಂತ ಒಂದು ಹಕ್ಕಿ ಇತ್ತು. ಎರೆಮಣ್ಣಿನ ಬಯಲಿನಲ್ಲಿ ಓಡಾಡುವ ದೊಡ್ಡ ಹಕ್ಕಿ. ಇಲ್ಲಿನ ಅಭಯಾರಣ್ಯ 1974ರಲ್ಲಿ ಆಗಿದ್ದು ಕೃಷ್ಣಮೃಗದ ಜೊತೆ ಈ ಹಕ್ಕಿಗಾಗಿಯೂ ಹೌದು. ನಮ್ಮಪ್ಪ ಹೊಲದಲ್ಲಿ ನೋಡಿದ್ದರು. ನಾನು ನೋಡಿಲ್ಲ.

ಫೋಟೊದಲ್ಲಿ ನನ್ನ ಮಗ ಅದನ್ನು ಕೋಳಿ ಅಂದುಕೊಂಡ. ಅಂಗೈಯಗಲದ ಚಿತ್ರದಲ್ಲಿ ಎಲ್ಲ ಹಕ್ಕಿಯೂ ಒಂದೇ ಅಳತೆ ನೋಡಿ. ಆಗ ಗೋಡೆ ಮೇಲೆ ಒಂದು ಮೀಟರ್ ಎತ್ತರಕ್ಕೆ ಗೀಟು ಹಾಕಿ, ಇದ್ದಿಲಿನಿಂದ ಹಕ್ಕಿಯ ಆಕಾರ ಬರೆದೆ. ಪಕ್ಕದಲ್ಲಿ ನಿಂತ. ಕಣ್ಣಿಗೆ ಕಣ್ಣು ಸರಿಯಾಯಿತು. ‘ನನ್ನಷ್ಟುದ್ದ!’ ಅಂತ ಅವರಮ್ಮನ್ನ ಕರೆಯೋಕೆ ಓಡಿದ. ಮೊಟ್ಟೆ ಸಾಮಾನ್ಯವಾಗಿ ಒಂದೇ ಇಡುತ್ತದೆ, ಅದೂ ಬಯಲಲ್ಲಿ, ಬರೀ ನೆಲದ ಮೇಲೆ. ಇದನ್ನು ಕೇಳಿದವನು ಸಂಜೆ ಅಂಗಳದಲ್ಲಿ ಒಂದು ಕಲ್ಲಿನ ಸುತ್ತ ಹುಲ್ಲಿಟ್ಟು, ಯಾರೂ ತುಳಿಯದ ಹಾಗೆ ಕಾದು ಕೂತ.

‘ಈಗ ಎಲ್ಲಿವೆ?’ ಅಂದಾಗ ನಿಜ ಹೇಳಿದೆ. ಹುಲ್ಲುಗಾವಲು ಹೊಲ ಆಯಿತು, ಹಾರುವಾಗ ತಂತಿ ತಗಲಿ ಸಾಯುತ್ತವೆ, ಉಳಿದ ಹೆಚ್ಚಿನವು ರಾಜಸ್ಥಾನದಲ್ಲಿವೆ. ಅಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸಿ ಸಾಕುತ್ತಿದ್ದಾರೆ ಅಂತಲೂ ಹೇಳಿದೆ. ಈಗ ಅವನು ಆಗಾಗ ಕೇಳುತ್ತಾನೆ, ‘ಮರಿ ದೊಡ್ಡದಾಯ್ತಾ?’

ಮೈಸೂರಿನ ಹವ್ಯಾಸಿ ಫೋಟೊಗ್ರಾಫರ್:

ಫೋಟೊ ಬಗ್ಗೆ ಎರಡು ಮಾತು. ಇಂಟರ್ನೆಟ್ಟಿನಲ್ಲಿ ಸಿಂಗಳೀಕ ಅಂತ ಹುಡುಕಿದರೆ ಬೇರೆ ಕೋತಿಗಳ ಚಿತ್ರವೂ ಬರುತ್ತದೆ. ಮುಖದ ಸುತ್ತ ಜೂಲು, ಬಾಲದ ತುದಿಯ ಕುಚ್ಚು, ಎರಡನ್ನೂ ನೋಡಿಯೇ ಆರಿಸಿ. ಕಂಪ್ಯೂಟರ್ ಹುಟ್ಟಿಸಿದ ಚಿತ್ರವಂತೂ ಬೇಡವೇ ಬೇಡ. ಉಗುರು ಗುರುತಿಸುವ ಮಗುವಿಗೆ ನಿಜವಾದ ಉಗುರನ್ನೇ ತೋರಿಸಬೇಕು. ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಫೋಟೊಗಳನ್ನು ಮುದ್ರಿಸಿಕೊಳ್ಳಬಹುದು, ತೆಗೆದವರ ಹೆಸರು ಕೆಳಗೆ ಬರೆಯಿರಿ.

ರಾತ್ರಿ ಓಡಾಡುವ ಪುಟ್ಟ ಪ್ರಾಣಿ ಕಾಡುಪಾಪವನ್ನು ಯಾರೋ ಅಂಗೈಯಲ್ಲಿ ಹಿಡಿದಿರುವ ಫೋಟೊಗಳನ್ನು ದಯವಿಟ್ಟು ಬಿಟ್ಟುಬಿಡಿ. ಮಕ್ಕಳಿಗೆ ಅದು ಸಾಕುವ ಪ್ರಾಣಿಯಂತೆ ಕಾಣುತ್ತದೆ. ಕೊಂಬೆ ಅಪ್ಪಿಕೊಂಡು ಎರಡು ದೊಡ್ಡ ಕಣ್ಣು ಬಿಟ್ಟು ನೋಡುವ ಒಂದು ಫೋಟೊ ಸಾಕು.

ಪ್ರಶ್ನೆ ಕೇಳಿದ ತಾಯಿ, ಎರಡು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಪ್ಪುಹಂದಿ ಪದ್ಯ ಓಣಿಯಲ್ಲೆಲ್ಲ ಕೇಳುತ್ತಿದೆ. ಮಗಳು ರಾತ್ರಿ ಮಲಗುವಾಗಲೂ ಸುರುಟಿಕೊಂಡೇ ಮಲಗುತ್ತಾಳೆ. ಮುಂದಿನದು ರಣಹದ್ದು ಅಂದುಕೊಂಡಿದ್ದೇನೆ, ರಣಹದ್ದುಗಳ ಅಭಯಾರಣ್ಯ ಇರುವ ರಾಮನಗರದ ರಾಮದೇವರ ಬೆಟ್ಟಕ್ಕೂ ಒಮ್ಮೆ ಕರೆದುಕೊಂಡು ಹೋಗಬೇಕು. ದನಕ್ಕೆ ಕೊಟ್ಟ ನೋವಿನ ಔಷಧಿಯಿಂದ, ಸತ್ತ ದನವನ್ನು ತಿಂದ ರಣಹದ್ದುಗಳು ಸತ್ತಿದ್ದನ್ನು ಐದು ವರ್ಷದವರಿಗೆ ಹೇಗೆ ಹೇಳಿದಿರಿ, ಯಾರಾದರೂ ಹೇಳಿದ್ದರೆ ತಿಳಿಸಿ. ಪದ್ಯದ ಎರಡು ಸಾಲು ಮಕ್ಕಳೇ ಕಟ್ಟಿದ್ದಾರೆ:

ಬೋಳು ತಲೆಯ ಬೆಟ್ಟದಜ್ಜ
ಗಾಳಿ ಮೇಲೆ ತೇಲುತ...

ಮೂರನೇ ಸಾಲಿಗೆ ಭಾನುವಾರದವರೆಗೂ ಟೈಮ್ ಕೇಳಿದ್ದಾರೆ.